ಹೊಸ ಬಾಳೆಗೆ ಅಡುಗೆಮನೆಯ ಒಪ್ಪಿಗೆಯೂ ಬೇಕು

ನಮ್ಮ ಹೊಟೇಲುಗಳಲ್ಲಿ ಬಾಳೆ ಇಲ್ಲದ ದಿನವಿಲ್ಲ. ಬೆಳಿಗ್ಗೆ ಬನ್ಸ್‌ಗೆ ಕಳಿತ ಹಣ್ಣು, ಮಧ್ಯಾಹ್ನ ಊಟಕ್ಕೆ ಎಲೆ, ಸಂಜೆ ಬಜ್ಜಿಗೆ ಕಾಯಿ, ಸತ್ಯನಾರಾಯಣ ಪೂಜೆಯ ಆರ್ಡರ್ ಬಂದರೆ ಪ್ರಸಾದಕ್ಕೆ ಮತ್ತೆ ಹಣ್ಣು. ಗ್ಯಾಸ್, ಎಣ್ಣೆ, ಈರುಳ್ಳಿಯ ದರ ಏರಿದ ಕೂಡಲೇ ಸಭೆ ಕರೆಯುವ ನಾವು ಬಾಳೆಯ ವಿಷಯವನ್ನು ಒಮ್ಮೆಯಾದರೂ ಚರ್ಚೆಗೆ ತಂದದ್ದು ನನಗೆ ನೆನಪಿಲ್ಲ. ಈಗ ತರಬೇಕು ಎಂಬುದು ನನ್ನ ಅಭಿಪ್ರಾಯ.

"ಜಳಗಾಂವ್‌ನಿಂದ ಲಾರಿ ಬರುತ್ತಿದೆಯಲ್ಲ, ಮತ್ತೇಕೆ ಈ ಉಸಾಬರಿ?" ಎಂದು ಕೇಳುವವರಿದ್ದಾರೆ. ಆ ಲಾರಿಯಲ್ಲಿ ಬರುವುದೇನೆಂದು ನೋಡೋಣ. ಬಸರಾಯಿ, ಶ್ರೀಮಂತಿ, ಜಿ-9 ಎಂದು ಹೆಸರು ಬೇರೆ ಬೇರೆ ಇದ್ದರೂ ಎಲ್ಲವೂ ಕ್ಯಾವೆಂಡಿಶ್ ಎಂಬ ಒಂದೇ ಕುಟುಂಬದವು. ನಮ್ಮೂರಿನ ಪಚ್ಚಬಾಳೆಯೂ ಅದೇ. ಬೀಜವಿಲ್ಲದ ಕಾರಣ ಕಂದಿನಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸಿದ ಪಡಿಯಚ್ಚುಗಳು ಇವು. ಒಂದಕ್ಕೆ ತಗುಲಿದ ರೋಗವನ್ನು ತಡೆಯುವ ಶಕ್ತಿ ಪಕ್ಕದ್ದಕ್ಕೂ ಇರುವುದಿಲ್ಲ. ದಕ್ಷಿಣ ಮತ್ತು ಮಧ್ಯ ಅಮೆರಿಕದಿಂದ ರಫ್ತಾಗುತ್ತಿದ್ದ ಗ್ರೋ ಮಿಶೆಲ್ ಬಾಳೆಯನ್ನು ಪನಾಮಾ ಸೊರಗು ರೋಗ 1960ರ ದಶಕದ ಹೊತ್ತಿಗೆ ವ್ಯಾಪಾರದಿಂದಲೇ ಅಳಿಸಿಹಾಕಿತು. ಅದರ ಜಾಗಕ್ಕೆ ಬಂದದ್ದೇ ಕ್ಯಾವೆಂಡಿಶ್. ನಂಜನಗೂಡಿನ ರಸಬಾಳೆ ಅಪರೂಪವಾಗಲೂ ಈ ಸೊರಗು ರೋಗವೇ ಮುಖ್ಯ ಕಾರಣ. ಈಗ ಟಿಆರ್-4 ಎಂಬ ಅದರ ಹೊಸ ರೂಪ ಕ್ಯಾವೆಂಡಿಶನ್ನೂ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. 2019ರಲ್ಲಿ ಕೊಲಂಬಿಯವನ್ನೂ ತಲುಪಿತು. ಮಣ್ಣಿಗೆ ಒಮ್ಮೆ ಸೇರಿದರೆ ದಶಕಗಟ್ಟಲೆ ಅಲ್ಲೇ ಉಳಿಯುವ ಶಿಲೀಂಧ್ರ ಇದು. ಔಷಧ ಸಿಂಪಡಿಸಿ ಗೆಲ್ಲುವಂಥದ್ದಲ್ಲ.

ಉಳಿದ ಮುಖ್ಯ ದಾರಿ ರೋಗ ತಡೆಯುವ ಹೊಸ ತಳಿ. ಬೀಜವೇ ಇಲ್ಲದ ಗಿಡಕ್ಕೆ ಹೊಸ ತಳಿ ಹೇಗೆ? ಇಲ್ಲೇ ಸ್ವಾರಸ್ಯ. ಪೂಂಬೆಯನ್ನು ನಾವು ಪಲ್ಯಕ್ಕೆ ಹೆಚ್ಚುವವರು. ತಳಿ ವಿಜ್ಞಾನಿಗೆ ಅದೇ ಮದುವೆ ಮಂಟಪ. ಪೂಂಬೆಯ ಕೆಂಪು ಪದರಗಳು ಒಂದೊಂದಾಗಿ ಮೇಲೇಳುತ್ತವೆ. ಮೊದಲ ಪದರಗಳ ಅಡಿಯಲ್ಲಿ ಹೆಣ್ಣು ಹೂಗಳು, ಅವೇ ಮುಂದೆ ಚಿಪ್ಪುಗಳಾಗುತ್ತವೆ. ಗಂಡು ಹೂಗಳ ಸರದಿ ಆಮೇಲೆ, ತುದಿಯಲ್ಲಿ. ಕಾಡಿನಲ್ಲಾದರೆ ಬಾವಲಿ, ಸೂರಕ್ಕಿಗಳು ಪರಾಗ ಒಯ್ಯುತ್ತವೆ. ತೋಟದಲ್ಲಿ ಅವು ಬಾರದಂತೆ ಗೊನೆಗೆ ಚೀಲ ಕಟ್ಟುತ್ತಾರೆ. ಮುಂಜಾನೆ ಏಣಿ ಹತ್ತಿ, ರೋಗ ತಡೆಯುವ ಇನ್ನೊಂದು ಬಾಳೆಯ ಗಂಡು ಹೂವನ್ನು ಕೈಯಲ್ಲಿ ಹಿಡಿದು, ಅಂದು ಅರಳಿದ ಹೆಣ್ಣು ಹೂಗಳ ತುದಿಗೆ ಒಂದೊಂದಾಗಿ ಸವರುತ್ತಾರೆ. ಮರುದಿನ ಮುಂದಿನ ಪದರ, ಮತ್ತೆ ಏಣಿ. ತಿಂಗಳುಗಟ್ಟಲೆ ಕಾದು ಗೊನೆ ಕಡಿದು, ಹಣ್ಣು ಮಾಡಿ, ಸಿಪ್ಪೆ ಸುಲಿದು, ತಿರುಳನ್ನು ಜರಡಿಯಲ್ಲಿ ಹಿಂಡಿ ಬೀಜ ಹುಡುಕಬೇಕು. ಎಷ್ಟೋ ಗೊನೆಗಳಲ್ಲಿ ಒಂದೂ ಸಿಗುವುದಿಲ್ಲ. ಸಿಕ್ಕಿದ್ದೂ ಮಣ್ಣಿಗೆ ಹಾಕಿದರೆ ಮೊಳೆಯುವುದು ಕಷ್ಟ, ಆದ್ದರಿಂದ ಒಳಗಿನ ಭ್ರೂಣವನ್ನು ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸುತ್ತಾರೆ. ಆಮೇಲೆ ವರ್ಷಗಳ ಕಾಲ ಹೊಲದ ಪರೀಕ್ಷೆ. (ಸಂಕರ ತಳಿ ಎಂದರೆ ಜೀನ್ ಬದಲಿಸಿದ ಬಾಳೆ ಎಂದು ಗಿರಾಕಿಗಳು ಗಾಬರಿಯಾಗುವುದುಂಟು. ಅಂಥ ಕ್ಯಾವೆಂಡಿಶ್‌ಗೆ ಆಸ್ಟ್ರೇಲಿಯ 2024ರಲ್ಲಿ ಅನುಮತಿ ಕೊಟ್ಟದ್ದು ನಿಜ, ಆದರೆ ಅದು ಬೇರೆ ವಿಷಯ. ಇಲ್ಲಿ ನಡೆಯುವುದು ಬಾವಲಿ ಮಾಡುವ ಕೆಲಸವೇ.)

ಈ ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. ತಮಿಳುನಾಡಿನ ಆಡುತುರೈಯಲ್ಲಿ 1949ರಲ್ಲೇ ಶುರುವಾಯಿತು. ತಿರುಚ್ಚಿಯಲ್ಲಿ 1993ರಿಂದ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರವಿದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯ ಕೋ-1 ಎಂಬ ಸಂಕರ ತಳಿಯನ್ನು ಹೊರತಂದದ್ದು ಬೆಟ್ಟದ ವಿರೂಪಾಕ್ಷಿ ಬಾಳೆಯ ರುಚಿಯನ್ನು ಬಯಲಿಗೂ ತರುವ ಆಸೆಯಿಂದ. ಪಳನಿಯ ಪಂಚಾಮೃತಕ್ಕೆ ವಿರೂಪಾಕ್ಷಿಯೇ ಆಗಬೇಕು, ಅದರ ತಿರುಳಿನಲ್ಲಿ ನೀರು ಕಡಿಮೆ. ರುಚಿಯನ್ನೇ ಗುರಿ ಮಾಡಿಕೊಂಡ ಇಂಥ ಪ್ರಯತ್ನಗಳು ಹೆಚ್ಚಬೇಕು ಎನ್ನುವವನು ನಾನು.

ಹೊಂಡುರಾಸ್‌ನ ಉದಾಹರಣೆ ನೋಡಿ. 1959ರಲ್ಲಿ ಅಲ್ಲಿ ಒಂದು ಹಣ್ಣಿನ ಕಂಪೆನಿ ಆರಂಭಿಸಿದ ಬಾಳೆ ತಳಿ ಕೆಲಸ 1984ರಲ್ಲಿ ಎಫ್‌ಎಚ್‌ಐಎ ಎಂಬ ಸಂಸ್ಥೆಯ ಕೈಗೆ ಬಂತು. ಫಿಲಿಪ್ ರೋ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ 'ಗೋಲ್ಡ್‌ಫಿಂಗರ್' ತಳಿ ಹುಟ್ಟಿತು. ರೋಗಗಳಿಗೆ ಜಗ್ಗದ, ಹೆಚ್ಚಿದರೆ ಬೇಗ ಕಪ್ಪಾಗದ ಒಳ್ಳೆಯ ಬಾಳೆ. ಆದರೆ ರುಚಿಯಲ್ಲಿ ಸೇಬಿನಂಥ ಹುಳಿ. ಕ್ಯಾವೆಂಡಿಶ್‌ಗೆ ಒಗ್ಗಿದ ನಾಲಿಗೆಗಳನ್ನು ಅದು ಗೆಲ್ಲಲಿಲ್ಲ, ಅಂಗಡಿಗಳಲ್ಲಿ ಅದರ ಜಾಗ ಹಿಡಿಯಲೂ ಇಲ್ಲ. ಉಗಾಂಡದವರು ಈ ವಿಷಯದಲ್ಲಿ ಜಾಣರು. ಅವರ ದಿನನಿತ್ಯದ ಊಟ ಮಟೋಕೆ, ಅಂದರೆ ಬೇಯಿಸಿ ಹಿಸುಕಿದ ಬಾಳೆಕಾಯಿ. ಹೊಸ ತಳಿಯನ್ನು ಬೇಯಿಸಿ, ಮೆತ್ತಗಾಯಿತೇ, ಹಳದಿ ಬಣ್ಣ ಬಂತೇ ಎಂದು ಉಣ್ಣುವವರನ್ನೇ ಕೇಳುತ್ತಾರೆ.

ನಮ್ಮ ವಿಜ್ಞಾನಿಗಳು ರುಚಿ ನೋಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೋಡುತ್ತಾರೆ, ಆದರೆ ಹೆಚ್ಚಾಗಿ ಹಣ್ಣನ್ನು. ಬಜ್ಜಿಯ ಕಾಯಿ ಎಷ್ಟು ಎಣ್ಣೆ ಕುಡಿಯುತ್ತದೆ, ಹೆಚ್ಚಿಟ್ಟು ಅರ್ಧ ಗಂಟೆಯಾದರೆ ಕಪ್ಪಾಗುತ್ತದೆಯೇ, ಬನ್ಸ್‌ನ ಹಿಟ್ಟಿಗೆ ತಿರುಳು ಗಂಟಿಲ್ಲದೆ ಬೆರೆಯುತ್ತದೆಯೇ, ಬಿಸಿ ಅನ್ನ ಬಡಿಸಿ ಸಾರು ಸುರಿದಾಗ ಎಲೆ ಸೀಳುತ್ತದೆಯೇ? ಇವನ್ನು ಬಲ್ಲವರು ನಮ್ಮ ಭಟ್ಟರು. ಗಾಳಿಗೆ ಬೀಳದ ಗಿಡ್ಡ ಗಿಡ ರೈತನಿಗೆ ಬೇಕು, ಸರಿ. ಆ ಗಿಡದ ಎಲೆ ಪೂರ್ತಿ ಊಟಕ್ಕೆ ಸಾಕಾಗುವಷ್ಟು ಅಗಲವೇ ಎಂದು ಕೇಳಬೇಕಾದವರು ನಾವು. ಹತ್ತಾರು ವರ್ಷ ಏಣಿ ಹತ್ತಿ ಇಳಿದು ಮಾಡಿದ ತಳಿ ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತುಹೋದರೆ ರೈತನಿಗೂ ನಷ್ಟ, ನಮಗೂ ನಷ್ಟ.

ಹಾಗಾಗಿ ನಮ್ಮ ಸಂಘ ತಿರುಚ್ಚಿಗೆ ಒಂದು ಪತ್ರ ಬರೆಯಲಿ. ಹೊಲದ ಪರೀಕ್ಷೆಯಲ್ಲಿರುವ ತಳಿಗಳ ಒಂದೆರಡು ಗೊನೆ ಕೊಟ್ಟರೆ ನಮ್ಮ ಅಡುಗೆಮನೆಗಳಲ್ಲಿ ಮಾಡಿ ನೋಡಿ ವರದಿ ಕೊಡುತ್ತೇವೆ ಎಂದು ತಿಳಿಸಲಿ. ಹಣ್ಣು ಮುಂಬಯಿಗೆ ಬರುವಷ್ಟರಲ್ಲಿ ಕಳಿತು ಹೋದೀತು, ಆದ್ದರಿಂದ ಆರಂಭ ಚೆನ್ನೈಯ ನಮ್ಮ ಬಂಧುಗಳಿಂದ ಆಗಲಿ. ಅವರಿಗೆ ತಿರುಚ್ಚಿ ಒಂದು ರಾತ್ರಿಯ ದಾರಿ. ಬಜ್ಜಿಯ ಕಾಯಿ ಮಾತ್ರ ಇಲ್ಲಿಗೂ ಬರಬಹುದು. ವರದಿಗೆ ದೊಡ್ಡ ಫಾರಂ ಬೇಡ, ಒಂದು ಪುಟ ಸಾಕು: ಏನು ಮಾಡಿದೆವು, ಹೇಗೆ ಬಂತು, ಗಿರಾಕಿ ಏನೆಂದ, ಈ ಕಾಯಿ ಸಿಕ್ಕರೆ ವಾರಕ್ಕೆ ಎಷ್ಟು ಕಿಲೋ ಕೊಳ್ಳುತ್ತೇವೆ. ಕೊನೆಯ ಸಾಲನ್ನು ಮಾಲಕರೇ ತುಂಬಬೇಕು, ಸಹಿ ಸಮೇತ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಪತ್ರದ ವಿಷಯವನ್ನು ಎತ್ತಿಕೊಳ್ಳಬೇಕೆಂದು ವಿನಂತಿ.