ಸೌರಫಲಕಗಳೂ ಕೆಲಸಗಾರರ ಪ್ರಾಣರಕ್ಷಣೆಯೂ

ಮನೆಯ ಮಾಳಿಗೆಗಳ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾರ್ಯವು ದೇಶದಲ್ಲೆಲ್ಲ ಭರದಿಂದ ಸಾಗಿರುವುದು ಸಂತೋಷದ ಸಂಗತಿಯೇ ಸರಿ. 2024ನೆಯ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ಪ್ರಧಾನಮಂತ್ರಿ ಸೂರ್ಯಘರ್’ ಯೋಜನೆಯ ಗುರಿ 1 ಕೋಟಿ ಮನೆಗಳು. ಅದಕ್ಕಾಗಿ ಗೊತ್ತುಪಡಿಸಿದ ಮೊತ್ತ 75,021 ಕೋಟಿ ರೂಪಾಯಿಗಳು. 3 ಕಿಲೊವಾಟ್ ಅಥವಾ ಅದಕ್ಕೆ ಮಿಗಿಲಾದ ಸ್ಥಾವರವನ್ನು ಹೂಡುವ ಗೃಹಸ್ಥನಿಗೆ 78,000 ರೂಪಾಯಿಗಳ ಸಹಾಯಧನವು ಈ ಯೋಜನೆಯಲ್ಲಿ ಗೊತ್ತಾಗಿದೆ. ಪಾವಗಡದ ಬಯಲಿನಲ್ಲಿ 2,050 ಮೆಗಾವಾಟಿನ ಸೌರವನವು ತಲೆಯೆತ್ತಿದುದನ್ನು ಕಂಡ ಕನ್ನಡಿಗರಿಗೆ ಈ ವಿದ್ಯೆಯು ಹೊಸತಲ್ಲ. ಆದರೆ ಬಯಲಿನ ಕೆಲಸವೇ ಬೇರೆ, ಮಾಳಿಗೆಯ ಕೆಲಸವೇ ಬೇರೆ. ಅಲ್ಲಿ ಕೆಲಸಗಾರನ ಕಾಲು ನೆಲದ ಮೇಲಿರುತ್ತದೆ. ಇಲ್ಲಿ ಅವನು ನೆಲವನ್ನು ಬಿಟ್ಟು ಎರಡಾಳು ಮೂರಾಳೆತ್ತರದಲ್ಲಿ ನಿಂತಿರುತ್ತಾನೆ. ಘಟಕದ ಬೆಲೆಯೆಷ್ಟು, ಸಹಾಯಧನವೆಷ್ಟು, ತಿಂಗಳ ಉಳಿತಾಯವೆಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಮೇಲೇರಿದವನ ಪ್ರಾಣಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಅದನ್ನು ನಾವು ಇಂದು ಕೇಳಬಯಸುತ್ತೇವೆ.

ಮೊದಲನೆಯದು ಬೀಳುವ ಭಯ. ಈಗಿನ ಫಲಕವೊಂದು ಸುಮಾರು 2 ಮೀಟರಿಗಿಂತ ಉದ್ದವಾಗಿ, 1 ಮೀಟರಿಗಿಂತ ಅಗಲವಾಗಿ, 25ರಿಂದ 30 ಕಿಲೊಗ್ರಾಂ ತೂಗುತ್ತದೆ. ಅದನ್ನು ಎತ್ತಿ ಹಿಡಿದವನಿಗೆ ತನ್ನ ಕಾಲಡಿಯೇ ಕಾಣಿಸದು. ಆಷಾಢದ ಗಾಳಿಯು ಬೀಸಿತೆಂದರೆ ಫಲಕವು ದೋಣಿಯ ಹಾಯಿಯಂತೆ ಗಾಳಿಯನ್ನು ಹಿಡಿದು ಹೊತ್ತವನನ್ನೇ ಎಳೆಯುವುದು. ತಾರಸಿಗೆ ಗೋಡೆಯ ಕಟ್ಟಿದೆಯಲ್ಲ ಎನ್ನುವವರುಂಟು. ಆದರೆ ಬಟ್ಟೆ ಹರಹುವುದಕ್ಕೂ ಹಪ್ಪಳ ಸಂಡಿಗೆ ಒಣಗಿಸುವುದಕ್ಕೂ ಜಾಗವು ಉಳಿಯಲೆಂದು ಫಲಕಗಳನ್ನು ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸುವುದು ಈಗ ವಾಡಿಕೆಯಾಗಿದೆ. ಆ ಚೌಕಟ್ಟನ್ನೇರಿದವನಿಗೆ ಮೊಳಕಾಲಿನ ಕೆಳಗೆ ನಿಂತ ಗೋಡೆಯು ಏನು ರಕ್ಷಣೆ ಕೊಟ್ಟೀತು? ಸಿಮೆಂಟು ಷೀಟಿನ ಮಾಡಿನ ಮಾತಂತೂ ಹೇಳುವುದೇ ಬೇಡ. ಹೊರಗೆ ಗಟ್ಟಿಯಾಗಿ ತೋರುವ ಹಳೆಯ ಷೀಟು ಒಬ್ಬನ ಭಾರಕ್ಕೆ ಹೇಳದೆ ಕೇಳದೆ ಸೀಳುತ್ತದೆ.

ಎರಡನೆಯದು ವಿದ್ಯುತ್ತಿನ ಭಯ. ಇದರಲ್ಲಿ ವಿದ್ಯಾವಂತರಿಗೂ ಒಂದು ತಪ್ಪು ತಿಳಿವಳಿಕೆಯುಂಟು. ಮನೆಯ ಮೇನ್ ಸ್ವಿಚ್ಚನ್ನು ಆರಿಸಿದೊಡನೆ ಅಪಾಯವೆಲ್ಲ ಕಳೆಯಿತೆಂದು ಅವರು ಭಾವಿಸುತ್ತಾರೆ. ಬೀದಿಯ ಕಂಬದಿಂದ ಬರುವ ವಿದ್ಯುತ್ತಿಗೆ ಆ ಮಾತು ಸಲ್ಲುತ್ತದೆ. ಸೂರ್ಯನಿಂದ ಬರುವುದಕ್ಕೆ ಸಲ್ಲದು. ಬೀದಿಯ ವಿದ್ಯುತ್ತು ನಿಂತೊಡನೆ ಅದಕ್ಕೆ ಜೋಡಿಸಿದ ಇನ್ವರ್ಟರು ತಾನೂ ನಿಲ್ಲುವಂತೆ ಏರ್ಪಾಟಾಗಿದೆಯೆಂಬುದು ನಿಜ. ಕಂಬವನ್ನೇರಿ ದುರಸ್ತಿ ಮಾಡುವ ಲೈನ್‌ಮನ್ನರ ಪ್ರಾಣರಕ್ಷಣೆಯೇ ಅದರ ಉದ್ದೇಶ. ಆದರೆ ಫಲಕಗಳಿಂದ ಇನ್ವರ್ಟರಿನವರೆಗಿನ ತಂತಿಗಳು ಬೆಳಕಿರುವಷ್ಟು ಹೊತ್ತೂ ಜೀವಂತವಾಗಿರುತ್ತವೆ. ಒಂದು ಫಲಕದ ಒತ್ತಡವು ಸುಮಾರು 40ರಿಂದ 50 ವೋಲ್ಟ್; ಹತ್ತನ್ನು ಸರಣಿಯಾಗಿ ಜೋಡಿಸಿದರೆ 400ರಿಂದ 500 ವೋಲ್ಟ್. ಮೇಲಾಗಿ ಇದು ಡಿ.ಸಿ. ಪ್ರವಾಹ. ಮನೆಯ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿಯು ಬೇಗ ಆರುತ್ತದೆ. ಡಿ.ಸಿ. ಪ್ರವಾಹವು ಹಾಗೆ ಇಳಿಯುವುದಿಲ್ಲ. ಅದು ಹರಿಯುತ್ತಿರುವಾಗ ತಂತಿಯ ಜೋಡಣೆಯನ್ನು ಕಿತ್ತರೆ ಹುಟ್ಟುವ ಕಿಡಿಯು ಆರದೆ ಉರಿದು ಕೈಯನ್ನೂ ಸುಟ್ಟೀತು, ಮನೆಯನ್ನೂ ಸುಟ್ಟೀತು. ನೆಲದ ಮೇಲೆ ಬೆಚ್ಚಿಬಿದ್ದು ಮರೆಯಬಹುದಾದ ಸಣ್ಣ ಆಘಾತವೂ ಮಾಳಿಗೆಯ ಅಂಚಿನಲ್ಲಿ ಮರಣಕ್ಕೆ ಕಾರಣವಾಗಬಲ್ಲುದು.

ಇವುಗಳಿಗೆ ಪರಿಹಾರವು ತಿಳಿಯದ ವಿಷಯವೇನಲ್ಲ. ಐ.ಎಸ್. 3521ರ ಮುದ್ರೆಯುಳ್ಳ, ಇಡಿಯ ಮೈಯನ್ನು ಹಿಡಿಯುವ ಸುರಕ್ಷಾಪಟ್ಟಿಯನ್ನು ಧರಿಸಿ, ಅದರ ಹಗ್ಗವನ್ನು ಕಟ್ಟಡದ ಗಟ್ಟಿಯಾದ ಭಾಗಕ್ಕೆ ಬಿಗಿಯತಕ್ಕದ್ದು. ನೀರಿನ ಕೊಳವೆಗಾಗಲಿ ಫಲಕದ ಅಂಚಿಗಾಗಲಿ ಅಲ್ಲ. ಎಲ್ಲಿಗೂ ಬಿಗಿಯದ ಪಟ್ಟಿಯು ಬರಿಯ ಅಲಂಕಾರ. ಏಣಿಯನ್ನು ತಲೆಯಲ್ಲಿ ಕಟ್ಟತಕ್ಕದ್ದು. ವಿದ್ಯುತ್ ತಂತಿಗಳ ಬಳಿ ಲೋಹದ ಏಣಿಯನ್ನು ತರಲೇಕೂಡದು. ಷೀಟಿನ ಮಾಡಿನ ಮೇಲೆ ಹಲಗೆ ಹಾಸಿಯೇ ನಡೆಯಬೇಕು. ಮಳೆಯಲ್ಲಿ, ಬಿರುಗಾಳಿಯಲ್ಲಿ, ಒಂಟಿಯಾಗಿ ಯಾರನ್ನೂ ಮೇಲೆ ಕಳುಹಿಸಬಾರದು. ತಂತಿಯನ್ನು ಮುಟ್ಟುವ ಮುನ್ನ ಇನ್ವರ್ಟರನ್ನು ನಿಲ್ಲಿಸಿ, ಡಿ.ಸಿ. ಸ್ವಿಚ್ಚನ್ನು ತೆರೆದು, ಮೀಟರಿನಿಂದ ಪರೀಕ್ಷಿಸಿ, ತಕ್ಕ ಕೈಗವಸುಗಳನ್ನು ಧರಿಸಿ, ಉಂಗುರ ಕೈಗಡಿಯಾರಗಳನ್ನು ತೆಗೆದಿಡಬೇಕು. ಸ್ವಿಚ್ಚನ್ನು ತೆರೆದ ಮೇಲೂ ಫಲಕದ ಕಡೆಯ ತಂತಿಯು ಸತ್ತಿತೆಂದು ನಂಬತಕ್ಕದ್ದಲ್ಲ.

ಇಷ್ಟು ತಿಳಿದೂ ನಡೆಯದಿರುವುದೇಕೆ? ಚೌಕಾಸಿಯೇ ಕಾರಣವೆಂದು ನಾವು ಹೇಳುತ್ತೇವೆ. ಗೃಹಸ್ಥನು ನಾಲ್ಕು ಗುತ್ತಿಗೆದಾರರ ದರಪಟ್ಟಿಗಳನ್ನು ತರಿಸಿ ಎಲ್ಲಕ್ಕಿಂತ ಕಡಿಮೆಯದನ್ನು ಒಪ್ಪುತ್ತಾನೆ. ಫಲಕದ ಬೆಲೆಯನ್ನು ಇಳಿಸುವುದು ಗುತ್ತಿಗೆದಾರನ ಕೈಯಲ್ಲಿಲ್ಲ. ಆಳುಗಳ ಸಂಖ್ಯೆ, ಕೆಲಸದ ದಿನಗಳು, ಸುರಕ್ಷಾಸಾಧನಗಳು ಇವುಗಳನ್ನು ಇಳಿಸುವುದು ಅವನ ಕೈಯಲ್ಲಿದೆ. ಅನುಭವಸ್ಥರಿಗೆ ಪಟ್ಟಿಯೇಕೆ ಎಂದು ಕೆಲಸಗಾರರೇ ಹೇಳುವುದುಂಟು. ಅನುಭವವು ಕೈಗೆ ಚಾತುರ್ಯವನ್ನು ಕೊಟ್ಟೀತು. ಜಾರಿದ ಕಾಲಿಗೆ ನೆಲೆಯನ್ನು ಕೊಡಲಾರದು. ಕೆಲವು ಸಾವಿರ ರೂಪಾಯಿಗಳ ಪಟ್ಟಿಯೊಂದು ಅನೇಕ ಮನೆಗಳ ಕೆಲಸಕ್ಕೆ ಒದಗುವಾಗ ವೆಚ್ಚದ ನೆಪವೂ ನಿಲ್ಲಲಾರದು.

ಅಧಿಕಾರಿವರ್ಗದವರಿಗೂ ಒಂದು ಮಾತು. ಮೀಟರನ್ನು ಜೋಡಿಸುವ ಮುನ್ನ ಪರೀಕ್ಷೆಗೆ ಬರುವ ಅಧಿಕಾರಿಯು ಮುಗಿದ ಕೆಲಸವನ್ನು ಕಾಣುತ್ತಾನೆಯೇ ಹೊರತು ಅದು ಮುಗಿದ ಬಗೆಯನ್ನು ಕಾಣನು. ಸಾರ್ವಜನಿಕರ ಹಣವು ಸಹಾಯಧನವಾಗಿ ಸಲ್ಲುವ ಈ ಕಾರ್ಯದಲ್ಲಿ, ಸುರಕ್ಷಾಸಾಧನಗಳನ್ನೂ ಕೆಲಸಗಾರರ ವಿಮೆಯನ್ನೂ ದರಪಟ್ಟಿಯಲ್ಲಿ ಪ್ರತ್ಯೇಕ ಬಾಬಾಗಿ ಬರೆಯಬೇಕೆಂದೂ, ಆ ಬಾಬಿನ ಮೇಲೆ ಚೌಕಾಸಿ ಕೂಡದೆಂದೂ, ಕೆಲಸ ನಡೆಯುತ್ತಿರುವಾಗಲೇ ಕೆಲವು ಮನೆಗಳನ್ನಾದರೂ ಮುನ್ಸೂಚನೆಯಿಲ್ಲದೆ ಪರೀಕ್ಷಿಸಬೇಕೆಂದೂ ನಾವು ಸೂಚಿಸುತ್ತೇವೆ. ತಪ್ಪಿದ ಗುತ್ತಿಗೆದಾರನ ಹೆಸರನ್ನು ಯೋಜನೆಯ ಪಟ್ಟಿಯಿಂದ ತೆಗೆದುಹಾಕಲು ಹಿಂಜರಿಯಬಾರದು.

ವಾಚಕ ಮಹಾಶಯರು ಅಧಿಕಾರಿಗಳಿಗಾಗಿ ಕಾಯಬೇಕಾಗಿಲ್ಲ. ಮನೆಯ ಯಜಮಾನನು ಒಪ್ಪಂದಕ್ಕೆ ರುಜು ಹಾಕುವ ಮುನ್ನ ಪಟ್ಟಿಯೆಲ್ಲಿ, ಹಗ್ಗವೆಲ್ಲಿ, ವಿಮೆಯೆಲ್ಲಿ ಎಂದು ಕೇಳಲಿ. ಅವು ಬಾರದೆ ಏಣಿಯನ್ನು ಇಡಗೊಡದಿರಲಿ. ತನ್ನ ಮಾಳಿಗೆಯನ್ನೇರಿದವನು ಸಂಜೆ ತನ್ನ ಮನೆಗೆ ಕುಶಲವಾಗಿ ಹಿಂದಿರುಗಲೆಂದು ನೋಡುವುದು ಯಾವ ಶಾಸನಕ್ಕೂ ಮೊದಲಿನ ಗೃಹಸ್ಥಧರ್ಮವಾಗಿದೆ.