ಸಾಲ ಮನ್ನಾ: ಬೊಕ್ಕಸದ ಬೀಗದ ಕೈ ಯಾರ ಬಳಿ?

ಅಮೆರಿಕದ ವಿದ್ಯಾರ್ಥಿ ಸಾಲ ಮನ್ನಾ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್ 30ರಂದು ರದ್ದುಪಡಿಸಿತು. ಯೋಜನೆ ಮುಗಿದ ಕತೆ; ಅದು ಎತ್ತಿದ ಪ್ರಶ್ನೆ ಮಾತ್ರ ಮುಗಿದಿಲ್ಲ. ಉದ್ದೇಶ ಜನಹಿತದ್ದು ಎಂಬ ಕಾರಣಕ್ಕೆ, ಬೊಕ್ಕಸಕ್ಕೆ ಬರಬೇಕಾದ ಸಾಲವನ್ನು ಶಾಸಕಾಂಗದ ಒಪ್ಪಿಗೆಯಿಲ್ಲದೆ ಕಾರ್ಯಾಂಗವೇ ಬಿಟ್ಟುಕೊಡಬಹುದೇ? ಕೂಡದು ಎಂಬುದು ನನ್ನ ನಿಲುವು. ಸಾಲಗಾರರ ಬಗ್ಗೆ ಅನುಕಂಪವಿದ್ದೇ ಈ ಮಾತು ಹೇಳುತ್ತಿದ್ದೇನೆ.

ಅಧ್ಯಕ್ಷ ಜೋ ಬೈಡನ್ 2022ರ ಆಗಸ್ಟ್‌ನಲ್ಲಿ ಘೋಷಿಸಿದ ಯೋಜನೆ ಸಣ್ಣದೇನೂ ಆಗಿರಲಿಲ್ಲ. ವಾರ್ಷಿಕ ವರಮಾನ 1.25 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದವರಿಗೆ 10 ಸಾವಿರ ಡಾಲರ್‌ವರೆಗೆ, ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಅನುದಾನ ಪಡೆದಿದ್ದವರಿಗೆ 20 ಸಾವಿರ ಡಾಲರ್‌ವರೆಗೆ ಮನ್ನಾ. ಸಾಲಗಾರರ ಸಂಖ್ಯೆ ಸುಮಾರು 4.3 ಕೋಟಿ, ಮೊತ್ತ ಸುಮಾರು 43 ಸಾವಿರ ಕೋಟಿ ಡಾಲರ್. ಇಷ್ಟು ದೊಡ್ಡ ಕಟ್ಟಡಕ್ಕೆ ಅಡಿಪಾಯವಾಗಿ ತೋರಿಸಿದ್ದು, ಇರಾಕ್ ಯುದ್ಧದ ವೇಳೆ ಜಾರಿಗೆ ಬಂದ 2003ರ ಹೀರೋಸ್ ಕಾಯ್ದೆಯನ್ನು. ಯುದ್ಧ ಅಥವಾ ರಾಷ್ಟ್ರೀಯ ತುರ್ತುಸ್ಥಿತಿಯಿಂದ ಬಾಧಿತರಾದವರಿಗಾಗಿ ಸಾಲದ ನಿಯಮಗಳನ್ನು ಕೈಬಿಡುವ ಅಥವಾ ಮಾರ್ಪಡಿಸುವ ಅಧಿಕಾರವನ್ನು ಅದು ಶಿಕ್ಷಣ ಕಾರ್ಯದರ್ಶಿಗೆ ನೀಡುತ್ತದೆ. ನಿಯಮ ಮಾರ್ಪಡಿಸುವ ಅಧಿಕಾರದಲ್ಲಿ ಅಸಲನ್ನೇ ಅಳಿಸಿಹಾಕುವ ಅಧಿಕಾರವೂ ಅಡಗಿದೆಯೇ? ಇಲ್ಲವೆಂದಿತು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ 6–3ರ ಬಹುಮತದ ತೀರ್ಪು. ಫ್ರಾನ್ಸಿನ ಕ್ರಾಂತಿ ಅಲ್ಲಿನ ಶ್ರೀಮಂತವರ್ಗದ ಸ್ಥಾನಮಾನವನ್ನು ‘ಮಾರ್ಪಡಿಸಿದ’ ಹಾಗೆ ಇದೂ ಒಂದು ಮಾರ್ಪಾಡು ಎಂಬ ವ್ಯಂಗ್ಯವನ್ನು ಅವರು ಹಳೆಯ ತೀರ್ಪೊಂದರಿಂದ ಎತ್ತಿಕೊಂಡರು.

ಯೋಜನೆಯ ಸಮರ್ಥಕರ ಬಳಿ ಒಂದು ಜಾಣ ವಾದವಿದೆ. ಸಾಲದ ಹಣ ಎಂದೋ ಕೊಟ್ಟಾಗಿದೆ. ಮನ್ನಾದಿಂದ ಬೊಕ್ಕಸದ ಬಾಗಿಲನ್ನು ಹೊಸದಾಗಿ ತೆರೆಯಬೇಕಿಲ್ಲ ಎಂಬುದು ಅದರ ಸಾರ. ಆದರೆ ಬರಬೇಕಾದ ಹಣವನ್ನು ಬಿಟ್ಟುಕೊಡುವುದೂ ವೆಚ್ಚವೇ ಎಂಬುದು ಕಿರಾಣಿ ಅಂಗಡಿಯ ಲೆಕ್ಕ ಬರೆಯುವವನಿಗೂ ಗೊತ್ತು. ಕಾನೂನಿನ ಮಂಜೂರಾತಿ ಇಲ್ಲದೆ ಖಜಾನೆಯಿಂದ ಹಣ ತೆಗೆಯಕೂಡದೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಸರ್ಕಾರದ ಆಸ್ತಿಯ ವಿಲೇವಾರಿಯನ್ನೂ ಅದು ಕಾಂಗ್ರೆಸ್ಸಿಗೇ, ಅಂದರೆ ಅಲ್ಲಿನ ಸಂಸತ್ತಿಗೇ ವಹಿಸಿದೆ.

ಇಲ್ಲಿ ಕಾಂಗ್ರೆಸ್ ಬರೀ ಮೌನವಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಧ್ಯಕ್ಷರಿಗೆ ಇಂಥ ಅಧಿಕಾರವಿಲ್ಲ ಎಂದು ಬೈಡನ್ ಪಕ್ಷದವರೇ ಆದ ಸ್ಪೀಕರ್ ನ್ಯಾನ್ಸಿ ಪೆಲೋಸಿ 2021ರಲ್ಲೇ ಹೇಳಿದ್ದರು. 2023ರ ಮೇ–ಜೂನ್‌ನಲ್ಲಿ ಎರಡೂ ಸದನಗಳು ಯೋಜನೆಯ ವಿರುದ್ಧ ನಿರ್ಣಯ ಅಂಗೀಕರಿಸಿದವು. ಬೈಡನ್ ಅದಕ್ಕೆ ವಿಟೋ ಹಾಕಿದರು. ಅರ್ಥಾತ್, ಕಾಂಗ್ರೆಸ್ ಎಂದೂ ಒಪ್ಪದ ವೆಚ್ಚವನ್ನು ತಡೆಯಲು ಅದೇ ಕಾಂಗ್ರೆಸ್ಸಿಗೆ ಮೂರನೇ ಎರಡರಷ್ಟು ಬಹುಮತ ಬೇಕಾಯಿತು. ನನ್ನ ಆಕ್ಷೇಪ ಇರುವುದು ಮುಖ್ಯವಾಗಿ ಈ ತಲೆಕೆಳಗಾದ ಏರ್ಪಾಡಿನ ಬಗ್ಗೆ.

ತೀರ್ಪಿನಲ್ಲಿ ನನಗೆ ಒಪ್ಪಿಗೆಯಾಗದ ಭಾಗವೂ ಇದೆ. ಮಿಸೌರಿ ರಾಜ್ಯ ಸ್ಥಾಪಿಸಿದ ಸಾಲ ನಿರ್ವಹಣಾ ಸಂಸ್ಥೆಯೊಂದಕ್ಕೆ ಶುಲ್ಕ ನಷ್ಟವಾಗುತ್ತದೆಂಬ ಆಧಾರದ ಮೇಲೆ ಕೋರ್ಟ್ ಆ ರಾಜ್ಯದ ಅಹವಾಲನ್ನು ಆಲಿಸಿತು. ನಷ್ಟ ಅನುಭವಿಸಬೇಕಾಗಿದ್ದ ಸಂಸ್ಥೆ ಮಾತ್ರ ದಾವೆ ಹೂಡಿರಲಿಲ್ಲ! ನ್ಯಾಯಮೂರ್ತಿ ಎಲೆನಾ ಕೇಗನ್ ತಮ್ಮ ಭಿನ್ನ ತೀರ್ಪಿನಲ್ಲಿ ಇದನ್ನು ಎತ್ತಿ ತೋರಿಸಿದ್ದು ಸರಿಯಾಗಿಯೇ ಇದೆ.

ನಮ್ಮಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುವುದಿಲ್ಲ. 2008ರಲ್ಲಿ ಕೇಂದ್ರ, 2018ರಲ್ಲಿ ಕರ್ನಾಟಕ ರೈತರ ಸಾಲ ಮನ್ನಾವನ್ನು ಘೋಷಿಸಿದ್ದು ಬಜೆಟ್ ಭಾಷಣಗಳಲ್ಲಿ, ಸದನದ ಎದುರು. ಸರ್ಕಾರಕ್ಕೆ ಸದನದಲ್ಲಿ ಬಹುಮತ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರಿಗೆ ಆ ಅನುಕೂಲವಿಲ್ಲ. ಒಳದಾರಿ ಹುಡುಕುವ ಆಮಿಷ ಇರುವುದೂ ಅದಕ್ಕಾಗಿಯೇ.

ಆ ಒಳದಾರಿ ಒಂದೇ ಪಕ್ಷದ ಸ್ವತ್ತಲ್ಲ. 2025ರಲ್ಲಿ ಡೊನಾಲ್ಡ್ ಟ್ರಂಪ್ 1977ರ ತುರ್ತು ಅಧಿಕಾರದ ಕಾಯ್ದೆಯೊಂದನ್ನು ಮುಂದೊಡ್ಡಿ, ಕಾಂಗ್ರೆಸ್ಸನ್ನು ಕೇಳದೆ ಹತ್ತಾರು ದೇಶಗಳ ಸರಕಿನ ಮೇಲೆ ಸುಂಕ ಹೇರಿದರು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರಿಗೆ ಅಸ್ತ್ರವಾಗಿ ಒದಗಿದ್ದು ಬೈಡನ್ ವಿರುದ್ಧದ ಇದೇ ತೀರ್ಪು.

ನಿಜವಾಗಿ ಬಡವಾದವರು ಸಾಲಗಾರರು. 2.6 ಕೋಟಿ ಜನ ಮಾಹಿತಿ ಸಲ್ಲಿಸಿದ್ದರು; 1.6 ಕೋಟಿ ಅರ್ಜಿಗಳಿಗೆ ಅನುಮೋದನೆಯೂ ಸಿಕ್ಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಹತ್ತು ವರ್ಷ ಸಾರ್ವಜನಿಕ ಸೇವೆ ಮಾಡಿದವರ ಸಾಲ ಮನ್ನಾಕ್ಕೆ ಕಾಂಗ್ರೆಸ್ 2007ರಲ್ಲಿ ಮಾಡಿದ ಕಾಯ್ದೆಯೂ ಸೇರಿದಂತೆ ಹಳೆಯ ಶಾಸನಬದ್ಧ ಯೋಜನೆಗಳಡಿ, 2025ರ ಜನವರಿಯ ವೇಳೆಗೆ ಸುಮಾರು 50 ಲಕ್ಷ ಮಂದಿಯ 18 ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಸಾಲ ಮನ್ನಾ ಆಯಿತು.

ಕಾಂಗ್ರೆಸ್ಸಿನ ದಾರಿ ಯಾವಾಗಲೂ ಸಾಲಗಾರನ ಪರವಾಗಿಯೇ ಇರುತ್ತದೆಂದು ನಾನು ಹೇಳಲಾರೆ. 2025ರ ಜುಲೈನಲ್ಲಿ ಅದು ಅಂಗೀಕರಿಸಿದ ಕಾಯ್ದೆ ಉನ್ನತ ವ್ಯಾಸಂಗದ ಸಾಲಕ್ಕೆ ಮಿತಿ ಹಾಕಿತು, ಮರುಪಾವತಿಯ ರಿಯಾಯಿತಿಗಳನ್ನು ಕಡಿತಗೊಳಿಸಿತು. ಸೆನೆಟ್‌ನಲ್ಲಿ ಮತಗಳು ಸಮವಾಗಿ, ಉಪಾಧ್ಯಕ್ಷರು ನಿರ್ಣಾಯಕ ಮತ ಹಾಕಬೇಕಾಯಿತು. ಕಠಿಣ ಕಾಯ್ದೆಯೇ ಹೌದು. ಆದರೆ ಅದರ ಪರ ಯಾರು, ವಿರುದ್ಧ ಯಾರು ಎಂಬುದು ಕಡತದಲ್ಲಿದೆ. ಮುಂದಿನ ಚುನಾವಣೆಯಲ್ಲಿ ಸಾಲಗಾರ ಅವರನ್ನು ಹೆಸರು ಹಿಡಿದು ಕೇಳಬಹುದು.