ಲಾಂಛನದ ಮೂಲ ಕಡತ ಯಾರ ಬಳಿ ಇದೆ?

ನಮ್ಮ ಅನೇಕ ಸಣ್ಣ ಉದ್ದಿಮೆಗಳ ಲಾಂಛನವು ಹಳೆಯ ಲೆಟರ್‌ಹೆಡ್‌ನಿಂದ ಸ್ಕ್ಯಾನ್ ಮಾಡಿದ ಚಿತ್ರವಾಗಿಯಷ್ಟೇ ಉಳಿದಿದೆ. ಅದು ಕೇವಲ ಚುಕ್ಕಿಗಳ ಸಮೂಹ. ಅಂಗುಲಕ್ಕೆ 300 ಚುಕ್ಕಿಗಳುಳ್ಳ ಒಂದಂಗುಲದ ಚಿತ್ರವನ್ನು 10 ಅಡಿಯ ಫಲಕಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಉಳಿಯುವುದು ಎರಡೂವರೆ ಚುಕ್ಕಿ! ರೇಖೆಗಳ ಗಣಿತರೂಪವಾದ ವೆಕ್ಟರ್ ಚಿತ್ರಕ್ಕೆ ಈ ತೊಡಕಿಲ್ಲ.

ಕೋರೆಲ್‌ಡ್ರಾದಂತಹ ತಂತ್ರಾಂಶಗಳು ಈ ಪರಿವರ್ತನೆಯನ್ನು ತಾವೇ ಮಾಡಬಲ್ಲವು, ನಿಜ. ಆದರೆ ಮಸುಕಾದ ಮೂಲದಿಂದ ಬರುವ ಅಂಚು ಅಂಕುಡೊಂಕು. ಸ್ಟಿಕ್ಕರ್ ಕತ್ತರಿಸುವ ಯಂತ್ರದ ಅಲಗು ಆ ಡೊಂಕನ್ನೇ ಅನುಸರಿಸುತ್ತದೆ. ಕನ್ನಡದ ದುಂಡಕ್ಷರಗಳಿಗಂತೂ ನುರಿತ ಕಲಾವಿದರಿಂದ ಕೈಯಾರೆ ಗೆರೆ ಎಳೆಸುವುದೇ ಲೇಸು. ಒಮ್ಮೆ ಮಾಡುವ ಈ ವೆಚ್ಚವನ್ನು ಉಳಿಸಹೊರಟವರು ಪ್ರತಿ ಮುದ್ರಣಾಲಯದಲ್ಲೂ ಅದನ್ನೇ ತೆರುತ್ತಾರೆ, ಪ್ರತಿ ಸಲವೂ ತುಸು ಬೇರೆಯಾದ ಲಾಂಛನವನ್ನು ಪಡೆಯುತ್ತಾರೆ.

ಹಣ ಕೊಟ್ಟ ಮಾತ್ರಕ್ಕೆ ಹಕ್ಕು ನಮ್ಮದಾಯಿತೆಂದು ಭಾವಿಸಲಾಗದು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿ ಹೊಂದಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷ. (ಸ್ವಂತವಾಗಿ ಬೆಳೆಸಿದ ಬ್ರಾಂಡನ್ನು ಲೆಕ್ಕಪತ್ರ ಮಾನಕ 26 ಆಸ್ತಿಯೆಂದು ತೋರಿಸಗೊಡುವುದಿಲ್ಲ, ಆ ಕಾರಣಕ್ಕೇ ಇದರ ಕಾಗದಪತ್ರಗಳನ್ನು ಯಾರೂ ಕೇಳುವುದಿಲ್ಲವೇನೋ.) ಲಾಂಛನ ರಚಿಸಿದವರಿಂದಲೂ ಗೆರೆ ಎಳೆದವರಿಂದಲೂ ಅವಧಿ ನಮೂದಿಸಿದ ವರ್ಗಾವಣೆ ಪತ್ರವನ್ನೂ ತಿದ್ದಬಹುದಾದ ಮೂಲ ಕಡತವನ್ನೂ ಪಡೆದ ಬಳಿಕವೇ ಸದಸ್ಯರು ಬಿಲ್ಲಿನ ಹಣ ಪಾವತಿಸುವುದು ಒಳಿತು.